ಅವಳು ಹಾಕಿದ ಜಡೆ

ಜೂನ್ 9, ಸೋಮವಾರ. ಬೆಳಿಗ್ಗೆ 7.40

ಡಬ್ಬಿ ತುಂಬಿದ್ದಾಯಿತು. ಶೂ ಪಾಲಿಶ್ ಆಯಿತು. ತಲೆ ಬಾಚುವುದು ಇವತ್ತೂ ಇಲ್ಲ. ಬಾಚಣಿಗೆ ಕೈಗೆತ್ತಿಕೊಂಡರೆ ಸಾಕು, ಗುಬ್ಬಿ ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಒಂಬತ್ತು ವರ್ಷದವಳ ಮುಂದೆ ನನ್ನ ಆಟ ನಡೆಯುವುದಿಲ್ಲ.

ಅವಳಮ್ಮ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಹಾಕಿದ ಜಡೆ ಅದು. ಹೊಟ್ಟೆನೋವಿನಲ್ಲೇ ಮಂಚದ ಅಂಚಿಗೆ ಕೂತು ಹಾಕಿದಳು. ನಾನು ವಾಪಸ್ ಬರೋವರೆಗೂ ಬಿಚ್ಚಬೇಡ ಎಂದಳಂತೆ ಮಗಳಿಗೆ. ಇವತ್ತಿಗೆ ಹತ್ತೊಂಬತ್ತು ದಿನ.

ಜೂನ್ 11

ಟೀಚರ್ ಚೀಟಿ ಕಳಿಸಿದ್ದಾರೆ. ಮಗುವಿನ ತಲೆ ವಾಸನೆ ಬರುತ್ತಿದೆ, ಪಕ್ಕದಲ್ಲಿ ಯಾರೂ ಕೂರುತ್ತಿಲ್ಲ. ಗುಬ್ಬಿ ಈ ವಿಷಯ ಬಾಯಿಬಿಟ್ಟೇ ಇರಲಿಲ್ಲ.

ಬುಡದಲ್ಲೆಲ್ಲ ಗಂಟು ಕಟ್ಟಿದೆ. ಗುಂಗುರು ಕೂದಲು ಬೇರೆ. ಜಡೆ ಕೆಡಬಾರದೆಂದು ಬೋರಲು ಮಲಗುತ್ತಾಳೆ.

ಜೂನ್ 14, ಶನಿವಾರ

ಅತ್ತಿಗೆ ಬಂದಿದ್ದರು — ನನ್ನವಳ ಅಕ್ಕ, ಗುಬ್ಬಿಯ ದೊಡ್ಡಮ್ಮ. ಮಗುವಿನ ತಲೆ ನೋಡಿ ಅಲ್ಲೇ ಕೂತುಬಿಟ್ಟರು. ಆಮೇಲೆ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು.

"ಬಟ್ಟೆ ಹೊಲಿದ ಹಾಗಲ್ಲಪ್ಪ ಹೆಣ್ಣುಮಗು ಸಾಕೋದು. ನನ್ನ ಜೊತೆ ಕಳಿಸು."

ಎರಡು ವಾರ ಟೈಮ್ ಕೊಡಿ ಎಂದೆ. ಅಷ್ಟರಲ್ಲಿ ತಲೆಯೊಂದು ಸರಿಯಾದರೆ ಇನ್ನು ಆ ಮಾತು ಎತ್ತುವುದಿಲ್ಲವಂತೆ. ಕೆಟ್ಟವರಲ್ಲ. ತಂಗಿ ಹೋದ ದುಃಖ ಅವರಿಗೂ ಇದೆ. ಆದರೆ ಗುಬ್ಬಿಯೂ ಹೋದರೆ ಈ ಮನೆಯಲ್ಲಿ ನಾನು ಮತ್ತು ಹೊಲಿಗೆ ಮೆಷಿನ್. ಹೆದರಿಕೆ ಆಗುತ್ತಿದೆ, ಸುಳ್ಳೇಕೆ ಹೇಳಲಿ.

ಜೂನ್ 15

ನನ್ನ ಹೊಲಿಗೆ ಅಂಗಡಿಯ ಎದುರಿನ ಪಾರ್ಲರಿಗೆ ಹೋದೆ. ಇಬ್ಬರು ಹೆಂಗಸರು ಮುಖಕ್ಕೆ ಹಸಿರು ಬಳಿದುಕೊಂಡು ಕೂತಿದ್ದರು, ನನ್ನನ್ನು ಕಂಡು ನಗು ತಡೆಯಲು ಒದ್ದಾಡಿದರು. ನಾನೂ ಮಾನ ಮರ್ಯಾದೆ ಎಲ್ಲ ಕಟ್ಟಿಟ್ಟು ಸ್ಟೂಲಿನ ಮೇಲೆ ಕೂತೆ.

ಪಾರ್ಲರಿನಾಕೆ ಹೇಳಿದ್ದು: ಒಣಗಿದಾಗ ಬಾಚಲೇಬಾರದು. ನೀರು, ಕಂಡಿಷನರ್ ಧಾರಾಳವಾಗಿ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು. ಹತ್ತಿ ದಿಂಬು ಕೂದಲಿನ ಪಸೆ ಹೀರುತ್ತದೆ, ನುಣುಪು ಬಟ್ಟೆ ಬೇಕು.

ಕೊನೆಯದು ನನ್ನ ಕೈಯಲ್ಲೇ ಇದೆ. ಕೋಟಿನ ಲೈನಿಂಗಿಗೆ ತಂದ ಸ್ಯಾಟಿನ್ ಉಳಿದಿತ್ತು. ದಿಂಬಿನ ಚೀಲ ಹೊಲಿದೆ. ಗುಬ್ಬಿ ಕೆನ್ನೆ ಉಜ್ಜಿ ನೋಡಿದಳು. ಚೆನ್ನಾಗಿದೆ ಅನ್ನಲಿಲ್ಲ, ಅದರ ಮೇಲೆಯೇ ಮಲಗಿದಳು.

ಜೂನ್ 17, ಸಂಜೆ

ಇವತ್ತು ಹೇಳಿದೆ. ಯಾರೂ ಅವಳಿಗೆ ನೇರವಾಗಿ ಹೇಳಿರಲಿಲ್ಲ... ನಾನೂ.

"ಅಮ್ಮ ಬರಲ್ಲ ಗುಬ್ಬಿ."

"ಗೊತ್ತು," ಎಂದಳು. ಬೆನ್ನು ತಿರುಗಿಸಿ ಕೂತಳು. "ನೋವಾಗದ ಹಾಗೆ ಬಿಚ್ಚು."

ಬಚ್ಚಲಲ್ಲಿ ಅವಳು ಮಣೆಯ ಮೇಲೆ, ನಾನು ಹಿಂದೆ. ಒಂದೂವರೆ ಗಂಟೆಯಲ್ಲಿ ನಾಲ್ಕು ಬೆರಳಷ್ಟು ಬಿಚ್ಚಿತು. ಇಬ್ಬರೂ ಅತ್ತೆವು, ಒಬ್ಬರ ಮುಖ ಒಬ್ಬರಿಗೆ ಕಾಣದ್ದರಿಂದ ಅನುಕೂಲವಾಯಿತು.

ಜೂನ್ 20

ಪೂರ್ತಿ ಬಿಚ್ಚಿತು. ನಾಲ್ಕು ಸಂಜೆ ಹಿಡಿಯಿತು. ಕಿತ್ತು ಬಂದದ್ದು ಒಂದು ಹಿಡಿ. ಬುಡದಲ್ಲಿ ಎರಡು ಕಡೆ ಹುಣ್ಣಾಗಿತ್ತು, ಪಾಪ, ಹೇಗೆ ತಡೆದುಕೊಂಡಿದ್ದಳೋ. ತೊಳೆದು ಒಣಗಿದ ಮೇಲೆ ಮುಖದ ಸುತ್ತ ಗುಂಗುರು ಹರಡಿ ಥೇಟ್ ಅವಳಮ್ಮ. ಬಾಗಿಲ ಬಳಿ ನಿಂತೇ ಇದ್ದೆ. ಯಾಕಪ್ಪ ಹಾಗೆ ನೋಡ್ತೀಯ ಎಂದು ಕೇಳಿದಳು.

ನಾಳೆ ಟೀಚರ್ ನೋಡಲಿ.

ಜೂನ್ 22, ಭಾನುವಾರ

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಎಡಗಡೆ ಕೂದಲು ತುಂಡಾಗಿ ಗಿಡ್ಡವಾಗಿತ್ತು. ಸಮ ಮಾಡಬೇಕು. ಪಾರ್ಲರಿನಾಕೆ ಕರೆದುಕೊಂಡು ಬಾ ಎಂದಿದ್ದಳು. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವನಿಗೆ ಇಷ್ಟೂ ಬರುವುದಿಲ್ಲವೇ ಎಂಬ ಜಂಬ ನನಗೆ.

ಹೊಸ ಬಟ್ಟೆಯನ್ನು ನೀರಿಗೆ ಹಾಕದೆ ನಾನು ಎಂದೂ ಕತ್ತರಿಸಿಲ್ಲ. ನೆನೆದು ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿ. ಹಾಗೆಯೇ ಮಾಡಿದೆ. ತಲೆ ಚೆನ್ನಾಗಿ ನೆನೆಸಿ, ನೇರ ಬಾಚಿ, ಟೇಪು ಹಿಡಿದು, ಸರಿಯಾಗಿ ಭುಜದ ಮಟ್ಟಕ್ಕೆ. ಅಂಚು ಎಷ್ಟು ನೇರ ಬಂತೆಂದು ಹೆಮ್ಮೆಪಟ್ಟೆ.

ಬಟ್ಟೆ ನೆಂದರೆ ಕುಗ್ಗುತ್ತದೆ. ಗುಂಗುರು ಕೂದಲು ಒಣಗಿದರೆ ಕುಗ್ಗುತ್ತದೆ. ಸುರುಳಿ ಸುತ್ತಿಕೊಂಡು ಮೇಲೇರಿತು, ಏರುತ್ತಲೇ ಹೋಯಿತು. ಕಿವಿಯ ಮೇಲೆ ನಿಂತಿತು.

ಗುಬ್ಬಿ ಕನ್ನಡಿಯ ಮುಂದೆ ಅಳಲಿಲ್ಲ. ಕೈ ಹಿಂದೆ ಹಾಕಿ ಕುತ್ತಿಗೆ ಮುಟ್ಟಿಕೊಂಡಳು.

"ಇನ್ನು ಜಡೆ ಹಾಕೋಕಾಗಲ್ಲ, ಅಲ್ವಾ ಅಪ್ಪ?"

ಜೂನ್ 29

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುಬ್ಬಿಯ ತಲೆ ಸವರಿದರು, ಬಟ್ಟೆ ಮಡಚತೊಡಗಿದರು. ತಡೆಯಲು ನನಗೆ ಬಾಯಿ ಎಲ್ಲಿತ್ತು.

ಸ್ಯಾಟಿನ್ ಚೀಲ ಮಾತ್ರ ಗುಬ್ಬಿ ತಾನೇ ಬ್ಯಾಗಿಗೆ ಹಾಕಿಕೊಂಡಳು. ಬಸ್ಸಿನ ಕಿಟಕಿಯಿಂದ ಕೇಳಿದಳು, ಕೂದಲು ಬಂದ ಮೇಲೆ ವಾಪಸ್ ಬರಬಹುದಾ ಎಂದು. ಹೂಂ ಎಂದೆ. ಅತ್ತಿಗೆ ಆ ಕಡೆ ನೋಡುತ್ತಿದ್ದರು.

ಜುಲೈ 6

ತಿಂಗಳಿಗೆ ಅರ್ಧ ಇಂಚು ಬೆಳೆಯುತ್ತದಂತೆ. ಪಾರ್ಲರಿನಾಕೆ ಹೇಳಿದಳು.

ಅರ್ಧ ಇಂಚು. ಹೊಲಿಗೆಯಲ್ಲಿ ಅಂಚು ಮಡಚಲು ಬಿಡುವಷ್ಟು.

ಅಕ್ಟೋಬರ್ 19

ಭಾನುವಾರದ ಫೋನ್. ತುದಿಯಿಂದ ಮೇಲಕ್ಕೆ ಬಾಚಬೇಕೆಂದು ದೊಡ್ಡಮ್ಮನಿಗೆ ಗುಬ್ಬಿಯೇ ಹೇಳಿಕೊಟ್ಟಳಂತೆ. ಅತ್ತಿಗೆಯೂ ಹಾಗೆಯೇ ಮಾಡುತ್ತಾರಂತೆ. ಕೇಳಿ ಸಮಾಧಾನವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮಾರ್ಚ್ 8, ಭಾನುವಾರ

ಫೋನಿನಲ್ಲಿ ಗುಬ್ಬಿಯ ದನಿ ಬೇರೆಯೇ ಇತ್ತು. ಕೂದಲು ಕಟ್ಟುವಷ್ಟಾಗಿದೆ. ಮುಂದಿನ ಭಾನುವಾರ ಬರುತ್ತಾಳೆ. ಅತ್ತಿಗೆ ಫೋನ್ ತೆಗೆದುಕೊಂಡು, ಮಗು ಅಪ್ಪನ ಹತ್ತಿರವೇ ಉಳಿಯುತ್ತೇನೆಂದರೆ ತಾನು ಅಡ್ಡ ಬರುವುದಿಲ್ಲ ಎಂದರು. ಎದ್ದು ನಿಂತು ಕೇಳಿಸಿಕೊಂಡೆ.

ಆಮೇಲೆ ಮತ್ತೆ ಗುಬ್ಬಿ.

"ದೊಡ್ಡಮ್ಮಂಗೆ ಅಮ್ಮ ಹಾಕ್ತಿದ್ದ ಜಡೆ ಬರಲ್ಲ. ನೀನೇ ಬಿಚ್ಚಿದ್ದಲ್ವಾ, ನಿಂಗೆ ಗೊತ್ತಿರುತ್ತೆ. ಬಂದಾಗ ಹಾಕ್ತೀಯಾ?"

ಹಾಕುತ್ತೇನೆ ಎಂದೆ.

ಮಾರ್ಚ್ 11

ಹಳೇ ಬಟ್ಟೆ ತಂದು ಇದೇ ತರಹ ಹೊಲಿದುಕೊಡಿ ಎನ್ನುವವರು ಬರುತ್ತಾರೆ. ಬಿಚ್ಚುವ ಮೊದಲು ಪ್ರತಿ ಹೊಲಿಗೆ ನೋಡಿ ಬರೆದುಕೊಳ್ಳುತ್ತೇನೆ. ಒಮ್ಮೆಯೂ ಮರೆತಿಲ್ಲ. ಆ ಜಡೆಯನ್ನು ನಾಲ್ಕು ಸಂಜೆ ಕೈಯಲ್ಲಿ ಹಿಡಿದಿದ್ದೆ. ಕಣ್ಣೆಲ್ಲ ಗಂಟಿನ ಮೇಲೆ. ಹೇಗೆ ಹೆಣೆದಿದ್ದಳೆಂದು ನೋಡಲೇ ಇಲ್ಲ.

ಫೋಟೋ ಎಲ್ಲ ತೆಗೆದು ಹರಡಿದೆ. ಎಲ್ಲದರಲ್ಲೂ ಮುಖ. ಮಗುವಿನ ಬೆನ್ನ ಹಿಂದೆ ನಿಂತು ಯಾರು ಫೋಟೋ ತೆಗೆಯುತ್ತಾರೆ.

ಇನ್ನೊಂದು ಸಲ ಕಳೆದುಕೊಂಡೆ ನನ್ನವಳನ್ನು. ಈ ಸಲ ನನ್ನ ಕೈಯಿಂದಲೇ.

ಮಾರ್ಚ್ 14, ಶನಿವಾರ. ಮಧ್ಯಾಹ್ನ

ನಾಳೆ ಗುಬ್ಬಿ ಬರುತ್ತಾಳೆ. ಅಂಗಡಿ ಬಾಗಿಲು ಹಾಕಿದ್ದೇನೆ. ಬಟ್ಟೆಯ ಪಟ್ಟಿಗಳನ್ನು ಮೆಷಿನ್ನಿನ ಚಕ್ರಕ್ಕೆ ಕಟ್ಟಿಕೊಂಡು ಕೂತಿದ್ದೇನೆ. ಮೂರು ಎಳೆ ಹಾಕಿದರೆ ಚಪ್ಪಟೆ ಬರುತ್ತದೆ. ಆ ಜಡೆ ಚಪ್ಪಟೆ ಇರಲಿಲ್ಲ. ಅಂಗೈಯಲ್ಲಿ ದುಂಡಗೆ ಕೂರುತ್ತಿತ್ತು, ಅಷ್ಟು ನೆನಪಿದೆ. ಹಾಗಾದರೆ ನಾಲ್ಕು.

ಮೊದಲನೆಯದು ಎರಡನೆಯದರ ಮೇಲೆ. ಮೂರನೆಯದರ ಕೆಳಗೆ. ನಾಲ್ಕನೆಯದು —

ಅಲ್ಲ. ಬಿಚ್ಚಿದೆ. ಮತ್ತೆ.

ಮೊದಲನೆಯದು ಎರಡನೆಯದರ ಕೆಳಗೆ. ಮೂರನೆಯದನ್ನು ಹಿಂದಿನಿಂದ ತಂದು —