ಸೊನ್ನೆ ಗಂಟೆಯವಳ ಉತ್ತರ

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ನಿನ್ನೆಯಿಂದ ಆರು ಸಲ ಫೋನ್ ಮಾಡಿ, "ತಂಗಿ, ಆ ಆಸ್ಪತ್ರೆಯ ವೈರಿಂಗ್ ನಕ್ಷೆ ಒಂದ್ಸಲ ವಿವರಿಸಿಬಿಡಮ್ಮ, ಸೋಮವಾರ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಬರ್ತಾರೆ" ಅಂದಿರಿ. ಕೆಲಸದಿಂದ ತೆಗೆದ ದಿನ ನಾನು ತಂಗಿಯಾಗಿರಲಿಲ್ಲ.

ನಾನು ಮುಗಿಸಿದ ಒಂದೊಂದು ನಕ್ಷೆಯನ್ನೂ ನೀವು ಪ್ರತಿ ಶುಕ್ರವಾರ, ವರದಿ ತೆಗೆಯುವ ಮುನ್ನ, ಕೆಲಸದ ಲೆಕ್ಕ ಇಡುವ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಹೆಸರಿಗೆ ಬದಲಾಯಿಸುತ್ತಿದ್ದಿರಿ. ಹಾಗಾಗಿ ಪ್ರಗತಿ ವರದಿಯಲ್ಲಿ ನಿಮ್ಮ ಸಾಲು ಪೂರ್ತಿ ಹಸಿರು, ಎಲ್ಲ ಕೆಲಸ ನೀವೇ ಮುಗಿಸಿದಂತೆ. ಕೆಲಸದ ಹೊರೆಯ ವರದಿಯಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಗಂಟೆ. ಅದನ್ನು ಮೀಟಿಂಗಿನಲ್ಲಿ ಗೋಡೆಯಗಲ ತೋರಿಸಿ, "ಈಕೆ ಕುರ್ಚಿ ಬಿಸಿ ಮಾಡೋಕೆ ಬರ್ತಾಳೆ" ಎಂದು ಎಲ್ಲರನ್ನೂ ನಗಿಸಿದಿರಿ.

ಆ ವರದಿಯನ್ನು ನಾನೀಗ ಅಲ್ಲಗಳೆಯುವುದಿಲ್ಲ. ಅದರ ಪ್ರಕಾರ ಆಸ್ಪತ್ರೆಯ ನಾಲ್ಕೂ ಮಹಡಿಗಳ ನಕ್ಷೆ ಬರೆದವರು ನೀವು. ಸೊನ್ನೆ ಗಂಟೆ ದುಡಿದವಳು ನಿಮಗೇನು ಹೇಳಿಕೊಟ್ಟಾಳು? ಹೆದರಬೇಡಿ, ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಿಲ್ಲ. ಯಾವ ಗೆರೆ ಯಾಕಿದೆ ಎಂದು ಇನ್‌ಸ್ಪೆಕ್ಟರ್ ಕೇಳಿದರೆ ಬಾಯಿಬಿಟ್ಟು ಹೇಳಿದರಾಯಿತು. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಹಾಗೆ.

ಒಂದು ಕೋರಿಕೆ. ನನ್ನ ಕುರ್ಚಿಯ ದಿಂಬು ಅಲ್ಲೇ ಉಳಿದಿದೆ, ಕಳಿಸಿಕೊಡಬೇಡಿ. ಸೋಮವಾರ ಇನ್‌ಸ್ಪೆಕ್ಟರ್ ಎದುರು ಬಹಳ ಹೊತ್ತು ಕುರ್ಚಿ ಬಿಸಿ ಮಾಡಬೇಕಾಗುತ್ತದೆ, ನಿಮಗೇ ಬೇಕಾದೀತು.

ಇಂತಿ,
ನಿಮ್ಮ ವರದಿಯಲ್ಲಿ ಏನೂ ಮಾಡದವಳು