ಬ್ರೇಕಿನ ಪಿನ್ನು

ಮನೆಯಿಂದ, ಹೊಲಿಗೆ ಕೋಣೆ
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯ? ಹೊಟ್ಟೆನೋವು ಕಡಿಮೆಯಾಯಿತೇ? ಹೊತ್ತು ಹೊತ್ತಿಗೆ ಊಟ ಮಾಡು ಎಂದರೆ ನೀನು ಕೇಳುವವನಲ್ಲ, ಆದರೂ ಹೇಳುವುದು ನನ್ನ ಕೆಲಸ. ಗೋದಾಮಿನಲ್ಲಿ ಭಾರ ಎತ್ತುತ್ತೀಯ ಎಂದು ನಿನ್ನ ಮಾವ ಹೇಳಿದ. ಬಗ್ಗಿ ಎತ್ತಬೇಡ, ಕೂತು ಎತ್ತು, ಸೊಂಟ ಜೋಪಾನ. ನಿನ್ನ ವಿಳಾಸವನ್ನೂ ಅವನಿಂದಲೇ ಕಾಡಿ ಬೇಡಿ ಪಡೆದೆ. ಕೊಟ್ಟದ್ದಕ್ಕೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅಕ್ಕ ಬಾಗಿಲಲ್ಲಿ ನಿಂತು ಅತ್ತರೆ ಯಾವ ತಮ್ಮ ತಾನೇ ಬಾಯಿ ಮುಚ್ಚಿಕೊಂಡಿರುತ್ತಾನೆ? ಅಪ್ಪನ ಬಿಪಿ ಮಾತ್ರೆ ಒಂದು ಇದ್ದದ್ದು ಎರಡಾಗಿದೆ. ನಾನು ಚೆನ್ನಾಗಿದ್ದೇನೆ. ಪಕ್ಕೆಯಲ್ಲಿ ಅಂಗೈಯಗಲ ನೀಲಿಗಟ್ಟಿದೆ, ಕತ್ತು ಎಡಕ್ಕೆ ತಿರುಗುತ್ತಿಲ್ಲ. ಇದೆಲ್ಲ ಯಾಕೆ ಎಂದು ಹೇಳುವುದಕ್ಕೇ ಈ ಪತ್ರ. ಗಾಬರಿಯಾಗಬೇಡ, ಒಂದು ಕಡೆ ಕೂತು ಓದು.

ಮೊನ್ನೆ ಭಾನುವಾರ ನಾನು ಗೋ-ಕಾರ್ಟ್ ರೇಸಿನಲ್ಲಿ ಓಡಿಸಿದೆ. ಹೌದು, ನಾನೇ. ಹನ್ನೊಂದು ತಿಂಗಳ ಹಿಂದೆ ನಿನ್ನ ತಂಗಿ ಪುಟ್ಟಿ ತೀರಿಹೋದ ಅದೇ ಟ್ರ್ಯಾಕಿನಲ್ಲಿ. ಅಮ್ಮನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀಯ. ನಿನ್ನ ದೊಡ್ಡಮ್ಮನೂ ಅದನ್ನೇ ಹೇಳಿದಳು: "ಅರವತ್ತಕ್ಕೆ ಅರಳು ಮರಳು ಅಂತಾರೆ, ನಿಂಗೆ ಎಂಟು ವರ್ಷ ಮುಂಚೇನೇ ಬಂತಲ್ಲೇ." ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗು, ಬಂದದ್ದಕ್ಕೇ ನಾಚಿಕೆಯೂ ಆಯಿತು. ನೀನು ಮನೆ ಬಿಟ್ಟ ದಿನ ಚೀಲ ಹೆಗಲಿಗೇರಿಸಿ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದೆ: "ಅಮ್ಮಾ, ಆ ಪಿನ್ ಹಾಕಿದ್ನೋ ಇಲ್ವೋ, ಎಷ್ಟು ನೆನಪು ಮಾಡ್ಕೊಂಡ್ರೂ ಗೊತ್ತಾಗ್ತಿಲ್ಲ." ಒಳಗಿನಿಂದ ಅಪ್ಪ, "ಕಾರ್ಟ್ ರೆಡಿ ಮಾಡಿದ್ದು ಅವನೇ ತಾನೇ? ಅವನ ಕೈಯಿಂದ್ಲೇ ಹೋದ್ಳು" ಎಂದರು. ನಿನಗೆ ಕೇಳಿಸಿತು. ನಾನು ನಿಮ್ಮಿಬ್ಬರ ನಡುವೆ ಕೈಯಲ್ಲಿ ನಿನ್ನ ಊಟದ ಡಬ್ಬಿ ಹಿಡಿದುಕೊಂಡು ಸುಮ್ಮನೆ ನಿಂತೆ. ಏನು ಹೇಳಬೇಕಿತ್ತು ನಾನು? ಪಿನ್ ಎಂದರೆ ನನಗೆ ಬಟ್ಟೆಗೆ ಚುಚ್ಚುವ ಗುಂಡುಪಿನ್ನು ಅಷ್ಟೆ. ನೀನು ಯಾವ ಪಿನ್ನಿನ ಮಾತಾಡುತ್ತಿದ್ದೀಯ, ಅದು ಎಲ್ಲಿರುತ್ತದೆ, ಇಲ್ಲದಿದ್ದರೆ ಏನಾಗುತ್ತದೆ, ಒಂದೂ ಗೊತ್ತಿರಲಿಲ್ಲ. ಮಗಳು ಹೋದಳು, ಮಗ ಹೋಗುತ್ತಿದ್ದಾನೆ, ಯಾಕೆ ಎಂದು ನನಗೆ ಅರ್ಥವೇ ಆಗಿಲ್ಲ. ನೀನು ಹೋದ ಮೇಲೆ ಆರು ತಿಂಗಳು ಅದನ್ನೇ ಅಗಿದೆ. ಆಮೇಲೆ ಕಲಿಯಲು ಹೊರಟೆ.

ಟ್ರ್ಯಾಕಿನ ಮೆಕ್ಯಾನಿಕ್ ನಿನಗೆ ಗೊತ್ತಲ್ಲ, ನೀವಿಬ್ಬರೂ ಗ್ರೀಸ್ ಮಾಮ ಎಂದು ಕರೆಯುತ್ತಿದ್ದವರು, ಅವರ ಶೆಡ್ಡಿಗೆ ಹೋಗಿ ನಿಂತೆ. ನನ್ನನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು, ಜಗಳಕ್ಕೆ ಬಂದಿದ್ದೇನೆ ಎಂದುಕೊಂಡಿರಬೇಕು. "ಹೊಸಬರ ರೇಸಿಗೆ ಹೆಸರು ಕೊಡ್ತೀನಿ, ಕಾರ್ಟ್ ರೆಡಿ ಮಾಡೋದನ್ನ ಕಲಿಸಿ" ಎಂದೆ. ಕೈಯನ್ನು ಚಿಂದಿಗೆ ಒರೆಸಿಕೊಂಡರು. "ಅಕ್ಕಾ, ಕೂದಲು ಗಟ್ಟಿಯಾಗಿ ಕಟ್ಟಿಕೊಂಡು ಬನ್ನಿ, ಚೈನಿಗೆ ಸಿಕ್ಕೀತು" ಎಂದರು, ಅಷ್ಟೆ. ಅಲ್ಲಿಂದ ಪ್ರತಿ ಶನಿವಾರ ಬೆಳಿಗ್ಗೆ ಹೊಲಿಗೆ ಅಂಗಡಿ ಮುಚ್ಚಿ ಹೋದೆ. ಅಪ್ಪನಿಗೆ ಬಟನ್ ತರಲು ಪೇಟೆಗೆ ಎಂದು ಹೇಳುತ್ತಿದ್ದೆ. ಒಂದು ಮದುವೆ ಮನೆಯ ಬಟ್ಟೆಗೂ ಅಷ್ಟು ಬಟನ್ ಬೇಕಾಗಲಿಕ್ಕಿಲ್ಲ.

ಕಾರ್ಟನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟಾಗ ಮೊದಲು ಅನ್ನಿಸಿದ್ದು, ಇದು ಇಷ್ಟೇನಾ ಎಂದು. ನಾಲ್ಕು ಪೈಪು, ನಾಲ್ಕು ಚಕ್ರ, ಪಕ್ಕದಲ್ಲೊಂದು ಎಂಜಿನ್, ನೆಲಕ್ಕೆ ನಾಲ್ಕು ಬೆರಳು ಮೇಲೆ ಒಂದು ಸೀಟು. ಬೆಲ್ಟಿಲ್ಲ, ಬಾಗಿಲಿಲ್ಲ. ಇದರಲ್ಲಿ ಕೂರಿಸಿ ಕಳಿಸಿದೆನಲ್ಲ ನನ್ನ ಮಗಳನ್ನು. ಆದರೆ ಕೈ ಹಾಕಿದ ಮೇಲೆ ಕೆಲಸ ನನ್ನನ್ನು ಎಳೆದುಕೊಂಡಿತು, ಸುಳ್ಳು ಯಾಕೆ ಹೇಳಲಿ. ಚೈನನ್ನು ಬೆರಳಿನಿಂದ ಒತ್ತಿ ಎಷ್ಟು ಸಡಿಲ ಬಿಡಬೇಕು ಎಂದು ಮಾಮ ತೋರಿಸಿದಾಗ ಹೊಲಿಗೆ ಯಂತ್ರದ ದಾರದ ಬಿಗಿ ನೆನಪಾಯಿತು, ಎರಡನೇ ಸಲಕ್ಕೇ ಬಂತು. ಮುಂದಿನ ಎರಡು ಚಕ್ರ ನೇರ ಇವೆಯೇ ಎಂದು ನನ್ನದೇ ಟೇಪಿನಿಂದ ಅಳೆದೆ. ಟೈರಿಗೆ ಗಾಳಿ, ಎಂಜಿನ್ನಿಗೆ ಎಣ್ಣೆ, ಒಂದೊಂದು ನಟ್ಟಿಗೂ ಸ್ಪ್ಯಾನರ್ ಹಾಕಿ ಬಿಗಿ ನೋಡುವುದು. ಎಲ್ಲಕ್ಕಿಂತ ಕೊನೆಗೆ ಬ್ರೇಕು. ಪೆಡಲಿನಿಂದ ಹಿಂದಕ್ಕೆ ಹೋಗುವ ಸರಳು, ಅದನ್ನು ಹಿಡಿದಿಡುವ ಬೋಲ್ಟು, ಬೋಲ್ಟು ಜಾರದ ಹಾಗೆ ಅದರ ತೂತಿನಲ್ಲಿ ತೂರಿಸಿ ಎರಡು ಕಾಲು ಅಗಲಿಸಿ ಮಡಿಸುವ ತಂತಿ. ನನ್ನ ತಲೆಗೂದಲಿನ ಕ್ಲಿಪ್ಪಿಗಿಂತ ಚಿಕ್ಕದು. "ಇದೇನಾ?" ಎಂದು ಕೇಳಿದೆ. ಮಾಮ ತಲೆಯಾಡಿಸಿದರು. ಅಂಗೈಯಲ್ಲಿ ಇಟ್ಟುಕೊಂಡೆ, ತೂಕವೇ ಇಲ್ಲ.

ಅಂದೇ ಅವರು ಇನ್ನೊಂದು ಮಾತು ಹೇಳಿದರು. ಅಪಘಾತದಲ್ಲಿ ಮುಂಭಾಗ ಪೂರ್ತಿ ನುಜ್ಜಾಗಿತ್ತು, ಆ ಬೋಲ್ಟೇ ಕಿತ್ತು ಹೋಗಿತ್ತು, ಪಿನ್ ಮೊದಲೇ ಇರಲಿಲ್ಲವೋ ಗುದ್ದಿದಾಗ ತುಂಡಾಯಿತೋ ಹೇಳಲು ಯಾರಿಂದಲೂ ಆಗದು ಎಂದು. ಅಷ್ಟು ಹೇಳಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು: "ಅವತ್ತು ಮಳೆ ಬಂದು ತಡ ಆಗಿತ್ತು ಅಕ್ಕಾ. ತಪಾಸಣೆ ಚೀಟಿ ಎಲ್ಲಾ ಕಾರ್ಟಿಗೂ ಸುಮ್ನೆ ಅಂಟಿಸಿ ಬಿಟ್ರು. ಬಗ್ಗಿ ನೋಡಿದೋರು ಒಬ್ರೂ ಇಲ್ಲ." ನೀನು ಅಲ್ಲೇ ಇದ್ದೆ. ನಿನಗೂ ಇದು ಗೊತ್ತಿತ್ತಲ್ಲವೇ? ಒಂದು ದಿನವೂ ಬಾಯಿ ಬಿಡಲಿಲ್ಲ. ಹೇಳಿದರೆ ತಪ್ಪಿಸಿಕೊಂಡ ಹಾಗೆ ಆಗುತ್ತದೆ ಎಂದುಕೊಂಡಿರಬೇಕು. ನೀನು ಚಿಕ್ಕಂದಿನಿಂದಲೂ ಹೀಗೇ. ಪಕ್ಕದ ಮನೆಯ ಗಾಜು ಒಡೆದಾಗ ಚೆಂಡು ಎಸೆದವರು ಮೂವರು, ಹೋಗಿ ನಿಂತವನು ನೀನೊಬ್ಬನೇ.

ರೇಸಿಗೆ ಸೂಟು ಬೇಕಿತ್ತು. ಪುಟ್ಟಿಯ ಎರಡನೆಯ ಸೂಟು, ಅಭ್ಯಾಸಕ್ಕೆ ಹಾಕುತ್ತಿದ್ದದ್ದು, ಬೀರುವಿನಲ್ಲಿತ್ತು. ಅವಳ ಅಳತೆಗೆ ಪಕ್ಕಗಳನ್ನು ಹಿಡಿದು ಹೊಲಿದಿದ್ದವಳು ನಾನೇ. ಈಗ ಅದೇ ಹೊಲಿಗೆಯನ್ನು ಬಿಚ್ಚಿ ನನ್ನ ದಪ್ಪಕ್ಕೆ ಬಟ್ಟೆ ಸೇರಿಸಬೇಕಾಯಿತು. ಮೂವತ್ತು ವರ್ಷದಲ್ಲಿ ಎಷ್ಟು ಹೊಲಿಗೆ ಬಿಚ್ಚಿದ್ದೇನೆ, ಲೆಕ್ಕ ಇಟ್ಟವರಾರು. ಈ ಒಂದು ಪಕ್ಕ ಬಿಚ್ಚಲು ಎರಡು ದಿನ ಹಿಡಿಯಿತು. ಮುಗಿಸಿದಾಗ ಅಪ್ಪ ಕೋಣೆಗೆ ಬಂದರು. ಸೂಟು ನೋಡಿದರು, ನನ್ನನ್ನು ನೋಡಿದರು, ಬಟನ್ನಿನ ಕಥೆ ಅಲ್ಲಿಗೆ ಮುಗಿಯಿತು. "ನೀನೂ ಹೋಗು" ಎಂದಷ್ಟೇ ಹೇಳಿ ಹೊರಟುಹೋದರು. ಅಪ್ಪಣೆಯೋ ಶಾಪವೋ ಇಂದಿಗೂ ತಿಳಿಯದು.

ಭಾನುವಾರ ಬೆಳಿಗ್ಗೆ ಆರಕ್ಕೇ ಶೆಡ್ಡಿನಲ್ಲಿದ್ದೆ. ಕಾರ್ಟನ್ನು ಓಡಿಸುವವರೇ ಸಿದ್ಧ ಮಾಡಬೇಕು ಎಂಬುದು ಹೊಸಬರ ರೇಸಿನ ನಿಯಮ, ಮಾಮ ದೂರದಲ್ಲಿ ಸ್ಟೂಲಿನ ಮೇಲೆ ಕೂತಿದ್ದರು, ಅಷ್ಟೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೆಲಸ ಮಾಡಿದೆ ಕಂದಾ. ಯಾವುದರ ನಂತರ ಯಾವುದು ಎಂದು ಕಾಗದದಲ್ಲಿ ಬರೆದುಕೊಂಡಿದ್ದೆ, ಮುಗಿದ ಹಾಗೆ ಗೆರೆ ಎಳೆಯುತ್ತಾ ಬಂದೆ. ಎಲ್ಲಿ ತಪ್ಪಿದರೂ ಇಲ್ಲಿ ತಪ್ಪಬಾರದು ಎಂದು ಬ್ರೇಕಿನ ಹತ್ತಿರ ಎರಡು ಸಲ ಕೂತೆ. ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಪಾಸಣೆ. ಈಗ ಅದಕ್ಕೊಬ್ಬಳು ಹೊಸ ಹೆಂಗಸು ಬಂದಿದ್ದಾಳೆ, ನಗುವುದೇ ಇಲ್ಲ. ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ನನ್ನ ಕಾರ್ಟಿನ ಕೆಳಗೆ ನೋಡಿದಳು. ಮಲಗಿದಲ್ಲಿಂದಲೇ ಕೇಳಿದಳು: "ಅಮ್ಮಾ, ಇದರ ಪಿನ್ ಎಲ್ಲಿ?"

ಹಾಕಿದ್ದೇನೆ ಎಂದೆ. ಜೋರಾಗಿಯೇ ಹೇಳಿದೆ, ಆಣೆ ಮಾಡಲೂ ಸಿದ್ಧಳಿದ್ದೆ. ಕಾಗದದಲ್ಲಿ ಗೆರೆ ಎಳೆದಿತ್ತು. ಅವಳು ಎದ್ದು ನಿಂತು ಮೈಯ ಧೂಳು ಕೊಡವಿಕೊಂಡಳು. ಸೂಟಿನ ಜೇಬಿಗೆ ಕೈ ಹಾಕಿದೆ, ಅದು ಅಲ್ಲಿತ್ತು. ಆಗ ನೆನಪಾಯಿತು. ನಾನು ಹೊಲಿಯುವಾಗ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುವವಳು. ನುಂಗಿಬಿಡ್ತೀಯ ಎಂದು ನೀವಿಬ್ಬರೂ ಹೆದರಿಸುತ್ತಿದ್ದಿರಿ. ಅದೇ ಚಾಳಿಯಿಂದ ಇದನ್ನೂ ತುಟಿಗೆ ಇಟ್ಟುಕೊಂಡು ಬೋಲ್ಟು ತೂರಿಸಿದೆ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ನಂಬರು ಕೂಗಿದರು. ಬಂದೆ ಎನ್ನಲು ಬಾಯಿ ತೆರೆಯಬೇಕಿತ್ತು, ಪಿನ್ ತೆಗೆದು ಜೇಬಿಗೆ ಹಾಕಿದೆ, ಬಂದೆ ಎಂದೆ, ಹೋದೆ. ವಾಪಸು ಬಂದವಳು ಬೋಲ್ಟು ಕೂತಿದ್ದು ಕಂಡು ಮುಗಿಯಿತು ಎಂದುಕೊಂಡು ಗೆರೆ ಎಳೆದೆ. ಆ ಒಂದು ಪಿನ್ನಿಗೋಸ್ಕರವೇ ಐದು ತಿಂಗಳು ಕಲಿತವಳು, ಮಗಳನ್ನು ಕಳೆದುಕೊಂಡವಳು, ಎರಡು ಸಲ ನೋಡಿದವಳು. ಮರೆತೆ. ಆ ಹೆಂಗಸು ಬೈಯಲೂ ಇಲ್ಲ. "ಹಾಕಿ, ಆಮೇಲೆ ಕರೀರಿ" ಎಂದು ಮುಂದಿನ ಕಾರ್ಟಿಗೆ ಹೋದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅಳುತ್ತಲೇ ಪಿನ್ ತೂರಿಸಿ ಮಡಿಸಿದೆ. ಮಾಮ ಬಂದು ನೀರು ಕೊಟ್ಟರು. ಅತ್ತದ್ದು ಪುಟ್ಟಿಗಾಗಿ ಎಂದು ಅವರು ತಿಳಿದರು. ಅಲ್ಲ, ಅವತ್ತು ಅತ್ತದ್ದು ನಿನಗಾಗಿ.

ರೇಸು ಹೇಗಾಯಿತು ಎಂದು ಕೇಳುತ್ತೀಯ. ಎಂಟು ಸುತ್ತು, ಹನ್ನೊಂದು ಕಾರ್ಟು. ನನ್ನ ಮೋಟಾರಿನ ಹೊಲಿಗೆ ಯಂತ್ರದಲ್ಲಿ ಬಲಗಾಲಿಗೆ ಮಾತ್ರ ಕೆಲಸ, ಎಡಗಾಲು ಅರಮನೆಯ ಅತ್ತೆಯ ಹಾಗೆ ಸುಮ್ಮನಿರುತ್ತದೆ. ಇಲ್ಲಿ ಬ್ರೇಕು ಒತ್ತುವುದು ಎಡಗಾಲೇ. ಹಸಿರು ಬಾವುಟ ಬಿದ್ದ ಕೂಡಲೇ ಎಲ್ಲರೂ ಸುಯ್ಯೆಂದು ಹೋದರು, ನಾನು ಅವರ ಹೊಗೆ ಕುಡಿಯುತ್ತಾ ಹಿಂದೆ. ಸ್ಟಿಯರಿಂಗ್ ಅಷ್ಟು ಭಾರ ಎಂದು ನೀವು ಯಾರೂ ಹೇಳಿರಲಿಲ್ಲ. ಪ್ರತಿ ತಿರುವಿನಲ್ಲೂ ಸೀಟಿನ ಅಂಚು ಪಕ್ಕೆಗೆ ಗುದ್ದುತ್ತದೆ, ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರು. ಪುಟ್ಟಿ ಗುದ್ದಿದ ಆ ಮೂರನೆಯ ತಿರುವು ಉದ್ದ ರಸ್ತೆಯ ತುದಿಯಲ್ಲಿ ಬರುತ್ತದೆ. ಟೈರಿನ ಗೋಡೆಗೆ ಹೊಸದಾಗಿ ಬಿಳಿ ಬಣ್ಣ ಬಳಿದಿದ್ದಾರೆ. ಮೊದಲ ಸುತ್ತಿನಲ್ಲಿ ಅದು ಕಂಡ ಕೂಡಲೇ ಅಷ್ಟು ದೂರದಿಂದಲೇ ಬ್ರೇಕು ಒತ್ತಿ ಕಾರ್ಟನ್ನು ನಡೆಸಿಕೊಂಡು ಹೋದೆ. ಎರಡನೆಯ ಸಲವೂ ಹಾಗೇ. ಐದನೆಯ ಸುತ್ತಿನಲ್ಲಿ ಎಲ್ಲಿಂದ ಬಂತೋ ಧೈರ್ಯ, ಕಾಲು ತೆಗೆಯಲಿಲ್ಲ. ಗೋಡೆ ಮೈಮೇಲೆ ಬಂದ ಹಾಗಾದಾಗ ಒತ್ತಿದೆ. ಹಿಡಿಯಿತು. ಕಾರ್ಟು ಒಳಕ್ಕೆ ತಿರುಗಿ ಸಲೀಸಾಗಿ ಜಾರಿಕೊಂಡು ಹೊರಬಿತ್ತು. ಅವಳು ಊಟದ ತಟ್ಟೆಯ ಮುಂದೆ ಕೈಯಾಡಿಸಿ ವರ್ಣಿಸುತ್ತಿದ್ದದ್ದು ಇದನ್ನೇ. ಅರ್ಧ ನಿಮಿಷ ನನಗೆ ಬಹಳ ಸುಖವಾಯಿತು. ಆಮೇಲೆ ಬಂದ ದುಃಖಕ್ಕೆ ದಾರಿಯೇ ಮಂಜಾಯಿತು. ಅವಳೂ ಹೀಗೇ ಕಾಲು ತೆಗೆಯದೆ ಬಂದು, ಹೀಗೇ ಒತ್ತಿದ್ದಾಳೆ. ಪೆಡಲು ಸುಮ್ಮನೆ ಒಳಕ್ಕೆ ಹೋಗಿರಬಹುದು. ಎಷ್ಟು ಹೊತ್ತು ಗೊತ್ತಾಗಿರುತ್ತದೆ ಅವಳಿಗೆ? ಬಹಳ ಇಲ್ಲ ಮಗನೇ. ನಾನು ಅಳೆದೆ. ಕಣ್ಣು ಒಂದು ಸಲ ಮುಚ್ಚಿ ತೆರೆಯುವಷ್ಟು. ಹನ್ನೊಂದು ತಿಂಗಳಿಂದ ನನಗೆ ಬೇಕಿದ್ದ ಉತ್ತರಗಳಲ್ಲಿ ಇದೊಂದು. ಹತ್ತನೆಯವಳಾಗಿ ಬಂದೆ, ಒಬ್ಬ ಹುಲ್ಲಿನ ಮೇಲೆ ಸಿಕ್ಕಿಹಾಕಿಕೊಂಡಿದ್ದ, ಇಲ್ಲದಿದ್ದರೆ ಕೊನೆಯವಳೇ. ಇಳಿಯಲು ಇಬ್ಬರು ಕೈ ಹಿಡಿಯಬೇಕಾಯಿತು. ಇನ್ನು ಓಡಿಸುವುದಿಲ್ಲ. ಸೂಟನ್ನು ಮತ್ತೆ ಬೀರುವಿನಲ್ಲಿ ಇಟ್ಟಿದ್ದೇನೆ.

ನೀನು ಪಿನ್ ಹಾಕಿದ್ದೆ ಎಂದು ನಾನು ಹೇಳಲಾರೆ. ಮರೆತಿರಲಿಲ್ಲ ಎಂದು ಸುಳ್ಳು ಸಮಾಧಾನ ಬರೆದರೆ ನೀನು ಈ ಕಾಗದ ಹರಿದು ಹಾಕುತ್ತೀಯ. ಗೊತ್ತಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ, ನಾವು ಮೂವರೂ ಇದನ್ನು ಹೊತ್ತುಕೊಂಡೇ ಬದುಕಬೇಕು. ಆದರೆ ಮರೆತಿದ್ದರೆ, ನಾನು ಮರೆತ ಹಾಗೇ ಮರೆತಿದ್ದೀಯ. ತಂಗಿಯ ಮೇಲೆ ಪ್ರೀತಿ ಕಡಿಮೆಯಾಗಿ ಅಲ್ಲ. ನನ್ನ ಕಾರ್ಟಿನ ಕೆಳಗೆ ಮಲಗಿ ನೋಡುವವಳು ಒಬ್ಬಳಿದ್ದಳು, ನಿನಗೆ ಯಾರೂ ಇರಲಿಲ್ಲ. ಅವತ್ತು ಹೊಸ್ತಿಲಲ್ಲಿ ಹೇಳದೆ ಹೋದ ಮಾತು ಇದು. ಹನ್ನೊಂದು ತಿಂಗಳು ತಡವಾಯಿತು, ಅಮ್ಮನನ್ನು ಕ್ಷಮಿಸು.

ಹುಷಾರಾಗಿರು. ಮಾವ ಕೊಟ್ಟ ಹೊದಿಕೆ ಸಾಲದಿದ್ದರೆ ಬರೆ, ಒಂದು ಹೊಲಿದು ಕಳಿಸುತ್ತೇನೆ. ನಿನ್ನ ದೊಡ್ಡಮ್ಮ ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ. ನೂರು ಕಾಲ ಬಾಳು ಕಂದಾ, ನನ್ನ ಆಯಸ್ಸೂ ನಿನಗಿರಲಿ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಾಗ, ಮಾಮ ಹೇಳಿಕಳಿಸಿದ ಸುದ್ದಿ ಹೊತ್ತು ಅಪ್ಪ ಬಂದರು, ಅವಸರದಲ್ಲಿ ಬರೆಯುತ್ತಿದ್ದೇನೆ. ಟ್ರ್ಯಾಕಿನ ಸಮಿತಿಯವರು ಇದೇ ಇಪ್ಪತ್ತೆಂಟಕ್ಕೆ, ಶನಿವಾರ ಬೆಳಿಗ್ಗೆ ಹತ್ತಕ್ಕೆ, ಅಪಘಾತದ ವಿಚಾರಣೆ ಇಟ್ಟಿದ್ದಾರೆ. ಕಾರ್ಟ್ ಸಿದ್ಧಪಡಿಸಿದವನ ತಪ್ಪು ಎಂದು ಈಗಾಗಲೇ ಬರೆದಿಟ್ಟಿದ್ದಾರಂತೆ, ನೀನು ಬಾರದಿದ್ದರೆ ಅದಕ್ಕೇ ಸಹಿ ಬೀಳುತ್ತದೆ. ತಪಾಸಣೆ ನಡೆಯಲಿಲ್ಲ ಎಂದು ಹೇಳಲು ಮಾಮ ಒಪ್ಪಿದ್ದಾರೆ, ಕೆಲಸ ಹೋಗುವ ಭಯದಲ್ಲಿ ಅಂದು ಬಾಯಿ ಬಿಡುತ್ತಾರೋ ಇಲ್ಲವೋ ನೋಡಬೇಕು. ನೀನು ಕಂಡದ್ದನ್ನು ನೀನೇ ಹೇಳಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು. ಅಪ್ಪ ಈ ಪತ್ರ ಪೂರ್ತಿ ಓದಿದರು. ಜೇಬಿನಲ್ಲಿ ಪಿನ್ ಸಿಕ್ಕಿದ ಜಾಗವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, ಪತ್ರವನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ, "ನಾನೂ ಹೋಗ್ತೀನಿ ಅವತ್ತು. ಅವನು ಬಂದ್ರೆ ನನ್ನ ಪಕ್ಕದಲ್ಲಿ ಕೂತ್ಕೋಬೇಕು ಅಂತ ಬರಿ" ಎಂದರು. ಬರೆದಿದ್ದೇನೆ.