ಪ್ರಭುಭೋಜನಕ್ಕೆ ಮುಂಚೆ ಎರಡು ಬಿಸ್ಕತ್ತು

ಭದ್ರಾವತಿ
೧ ನವೆಂಬರ್ ೨೦೨೫

ನನ್ನ ಮುದ್ದು ಅಮ್ಮನಿಗೆ,

ಮುತ್ತುಗಳು, ಲೆಕ್ಕವಿಲ್ಲದಷ್ಟು! ದಿನಾ ಫೋನ್ ಮಾಡುವವಳು ಇದೇನು ಪತ್ರ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಾನು ಎಲ್ಲವನ್ನೂ ನಕ್ಕು ತೇಲಿಸಿಬಿಡುತ್ತೇನೆ. ಇದನ್ನು ತೇಲಿಸಬಾರದು. ಎರಡು ತಿಂಗಳು ತಡಮಾಡಿದ್ದಕ್ಕೆ ಕ್ಷಮಿಸು. ಕಾನ್ವೆಂಟ್ ಕನ್ನಡವನ್ನೂ ಕ್ಷಮಿಸು.

ನಿನ್ನ ಅಳಿಯ ಆನಂದ್ ಎಷ್ಟು ಒಳ್ಳೆಯವರು ಗೊತ್ತಾ! ನಿನ್ನೆ ನನಗೋಸ್ಕರ ಕಿಟಕಿಗೆ ಪರದೆ ಹೊಲಿದರು, ಸೊಟ್ಟಗೆ. ಪ್ರಪಂಚದಲ್ಲೇ ಚೆಂದದ ಪರದೆ ಅದು!

ಆದರೆ ಅತ್ತೆ. ಸೆಪ್ಟೆಂಬರಿನ ಮೊದಲ ಭಾನುವಾರ ನಾನೂ ಆನಂದೂ ಶಿವಮೊಗ್ಗದಿಂದ, ನಿನ್ನ ಮನೆಯಿಂದ ನೇರ ಇಲ್ಲಿನ ಚರ್ಚಿಗೆ ಬಂದೆವಲ್ಲ, ಆವತ್ತಿನ ಮಾತು. ಅತ್ತೆಗೆ ಸಕ್ಕರೆ ಕಾಯಿಲೆ. ಆರಾಧನೆ ಉದ್ದವಾಯಿತು, ಕೈ ನಡುಗಿತು, ಎರಡು ಬಿಸ್ಕತ್ತು ತಿಂದರು. ರೊಟ್ಟಿ, ದ್ರಾಕ್ಷಾರಸಕ್ಕೆ ನಿಂತ ಪ್ರಭುಭೋಜನದ ಸಾಲಿನಲ್ಲಿ ನಾನು ಜಾಣೆಯ ಹಾಗೆ, "ಅತ್ತೆ, ಬಿಸ್ಕತ್ತು ತಿಂದ್ರಲ್ಲಾ! ನಮ್ಮಮ್ಮ ಇದು ಮುಗಿಯೋವರೆಗೂ ನೀರೂ ಮುಟ್ಟಲ್ಲ," ಎಂದುಬಿಟ್ಟೆ.

ಹಿಂದಿದ್ದ ಶಾಂತಮ್ಮ, "ಸೊಸೆ ಪಾಸ್ಟರಮ್ಮ ಆಗ್ಬಿಟ್ಳಲ್ಲೇ ಈಶ್ವರಮ್ಮ!" ಎಂದು ಕಿಸಕ್ಕೆಂದರು. ಅತ್ತೆ ಸಾಲು ಬಿಟ್ಟು ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತರು. ಅಕ್ಟೋಬರಿನ ಪ್ರಭುಭೋಜನಕ್ಕೂ ಅಲ್ಲೇ ಕುಳಿತರು.

ಪಾಸ್ಟರ್ ಮನೆಗೇ ಬಂದರು. "ಖಾಲಿ ಹೊಟ್ಟೆ ಯಾರನ್ನ ರಕ್ಷಿಸುತ್ತೆ ಈಶ್ವರಮ್ಮ? ಯೇಸು ಕೃಪೆಯಿಂದ ಪುಕ್ಕಟೆ ಕೊಟ್ಟಿದ್ದನ್ನ ನಂಬಿ ಕೈಚಾಚೋದು, ಅಷ್ಟೇ. ನಿಮ್ಮನ್ನ ತಡೆದವರು ಯಾರು?"

ಅತ್ತೆ ನನ್ನ ಕಡೆ ನೋಡಲೇ ಇಲ್ಲ. "ಯಾರೂ ಇಲ್ಲ ಅಯ್ಯನೋರೇ. ನನಗೇ ಮನಸ್ಸು ಬರ್ಲಿಲ್ಲ."

ನಾನು ಕಾಫಿ ಕೊಟ್ಟು ಅಡುಗೆಮನೆಗೆ ಜಾರಿಕೊಂಡೆ. ನಾಳೆ ಮತ್ತೆ ಪ್ರಭುಭೋಜನ. ಬರುತ್ತೀರಾ ಎಂದರೆ, "ನೀವು ಹೋಗ್ಬನ್ನಿ," ಎನ್ನುತ್ತಾರೆ.

ಅಮ್ಮ, ನಿನ್ನ ಉಪವಾಸ ನಿನ್ನ ಪ್ರೀತಿ. ನಾನು ಅದನ್ನು ಕೋಲು ಮಾಡಿಕೊಂಡೆ.

ಆ ಕೃಪೆ ನಿನ್ನನ್ನು ಕಾಯಲಿ. ನನಗಾಗಿಯೂ ಬೇಡಿಕೋ.

ನಿನ್ನ
ಸಮತಾ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಹರಿದೆ. ಆವತ್ತು ಬೆಳಿಗ್ಗೆ ಉಪವಾಸವೆಂದು ನಿನ್ನ ಕಾಫಿಯನ್ನೂ ಬೇಡವೆಂದ ನಾನು, ಅಲ್ಲೇ ನಿಮ್ಮ ಗಾಂಧಿ ಬಜಾರಿನಲ್ಲಿ ಬೈಕ್ ನಿಲ್ಲಿಸಿ ಮಸಾಲೆ ದೋಸೆ ತಿಂದಿದ್ದೆ. ಈಗಷ್ಟೇ ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದೆ.

"ಗೊತ್ತು ಕಣೇ," ಎಂದರು. "ಚರ್ಚ್ ಗೇಟಲ್ಲಿ ನಿನ್ನ ಸೆರಗಿನ ಚಟ್ನಿ ಒರೆಸಿದ್ದು ಯಾರು?"

ಆ ಸಾಲಿನಲ್ಲಿ ನನ್ನ ಬಾಯಿ ಮುಚ್ಚಿಸಲು ಅವರಿಗೆ ಒಂದೇ ಮಾತು ಸಾಕಿತ್ತು, ಅಮ್ಮ. ಆಡಲಿಲ್ಲ. ಈಗ ಹಿಟ್ಟಿನ ಪಾತ್ರೆಗೆ ತಟ್ಟೆ ಮುಚ್ಚುತ್ತಾ ಅತ್ತೆ ಹೇಳಿದರು:

"ನಾಳೆ ಇಬ್ರೂ ತಿಂಡಿ ತಿಂದೇ ಹೋಗೋಣ. ದೋಸೆಗೆ ರುಬ್ಬಿದೀನಿ."